ಐದು ಮುದ್ದೆ, ನಾಲ್ಕು ತಟ್ಟೆ

ಅರಸೀಕೆರೆ
೨೧-೫-೨೦೦೧

ಪ್ರೀತಿಯ ಅಪ್ಪನಿಗೂ, ಅಪ್ಪನ ಸುತ್ತ ನೆರೆದಿರುವ ಮಹಾಸಭೆಗೂ,

ಬೇಲೂರಿನ ನನ್ನ ತಂಗಿ ಲತಾಮಣಿಯ ಮನೆಯ ಜಗಲಿಯನ್ನು ಅಲಂಕರಿಸಿರುವ ಗಣ್ಯರೇ, ಗಣ್ಯರಲ್ಲದಿದ್ದರೂ ನೆರಳಿದೆಯೆಂದು ಬಂದು ಕೂತವರೇ, ಎದುರು ಮನೆಯ ಹನುಮಮ್ಮನವರೇ, ಹನುಮಮ್ಮನವರ ಮಡಿಲಲ್ಲಿ ಮಲಗಿ ಸಭೆಗೆ ಕಿವಿಗೊಡದಿರುವ ಬೆಕ್ಕೇ! ನಮ್ಮಪ್ಪ ಗಿಡ್ಡಯ್ಯನವರ ಬಲಗಣ್ಣಿನ ಪೊರೆ ತೆಗೆದ ಡಾಕ್ಟರು ಒಂದು ತಿಂಗಳು ಏನನ್ನೂ ಓದಕೂಡದೆಂದು ಹೇಳಿದ್ದರಿಂದ ನನ್ನ ಕಾಗದಗಳನ್ನು ಲತಾ ಗಟ್ಟಿಯಾಗಿ ಓದುತ್ತಾಳೆಂದೂ, ಬೀದಿಗೆ ಬೀದಿಯೇ ಬಂದು ಕೇಳುತ್ತದೆಂದೂ ನನಗೆ ವರದಿ ಬಂದಿದೆ. ಆದ್ದರಿಂದ ಇದು ಕಾಗದವಲ್ಲ, ಭಾಷಣ. ವಿಷಯ: ಅಸಮಾನತೆಯನ್ನು ಬಿಡಿಸುವ ಬಗೆ. ಭಾಷಣಕಾರ: ಅರಸೀಕೆರೆ ತಾಲ್ಲೂಕು ಕಚೇರಿಯ ಗುಮಾಸ್ತ, ಕನ್ನಡ ಮಾಧ್ಯಮದ ಬಿ.ಎ., ನಲವತ್ತೈದು ಪ್ರಾಯ, ಪ್ರಾಸ ಕಟ್ಟುವುದೇ ವ್ಯವಸಾಯ.

ಸಭಿಕರು ಒಂದು ನಿಮಿಷ ತಡೆಯಬೇಕು, ಅಪ್ಪನ ಹತ್ತಿರ ಮಾತಾಡಿ ಬರುತ್ತೇನೆ. ಅಪ್ಪಾ, ಹೇಗಿದ್ದೀಯ? ಕಾಗದವಲ್ಲವೇ ಎಂದು ಮೊದಲು ‘ತಾವು ಹೇಗಿದ್ದೀರಿ’ ಎಂದೇ ಬರೆದಿದ್ದೆ. ಎದುರಿಗೆ ನೀನು ಅನ್ನುವವನು ಬರೆಯುವಾಗ ತಾವು ಅಂದರೆ ‘ಯಾರ್ಲಾ ಅವ್ನು, ಅಮಲ್ದಾರ?’ ಅಂತ ನಗುತ್ತೀಯ ಎಂದು ಹೊಡೆದುಹಾಕಿದೆ. ಕಣ್ಣಿಗೆ ಮೂರು ಹೊತ್ತೂ ಡ್ರಾಪ್ಸ್ ಬಿಡಿಸಿಕೊಳ್ಳುತ್ತಿದ್ದೀಯಾ? ಕಪ್ಪು ಕನ್ನಡಕ ಹಾಕಿಕೊಂಡು ಬಸ್ ಸ್ಟ್ಯಾಂಡಿನವರೆಗೆ ವಾಕಿಂಗ್ ಹೋಗಿದ್ದೆಯಂತೆ, ಟೂರಿಸ್ಟ್ ಎಂದುಕೊಂಡು ಗೈಡೊಬ್ಬ ಹಿಂದೆ ಬಿದ್ದನಂತೆ, ನೀನು ಅವನಿಗೇ ದೇವಸ್ಥಾನದ ದಾರಿ ತೋರಿಸಿ ಕಳಿಸಿದೆಯಂತೆ. ಇಲ್ಲಿ ಎಲ್ಲರೂ ಕ್ಷೇಮ. ಅವ್ವನಿಗೆ ಮಂಡಿನೋವು ಹಾಗೇ ಇದೆ, ಬಾಯಿ ಮಾತ್ರ ಗಟ್ಟಿಯಾಗಿದೆ. ‘ಅಲ್ಲೇ ಇರ್ಲಿ ಬುಡು, ಮನೇಲಿ ಬೀಡಿ ವಾಸ್ನೆ ಇಲ್ದೆ ನೆಮ್ದಿಯಾಗೈತೆ’ ಅನ್ನುತ್ತಾಳೆ. ಅಂದವಳು ಒಲೆ ಮುಂದೆ ಕೂತು ದಿನಾ ಐದು ಮುದ್ದೆ ಕಟ್ಟುತ್ತಾಳೆ. ತಿನ್ನುವವರು ಅವ್ವ, ನಿನ್ನ ಸೊಸೆ, ಆಶಾ, ನಾನು: ಲೆಕ್ಕಕ್ಕೆ ನಾಲ್ಕೇ ತಟ್ಟೆ. ‘ಕೈ ತಪ್ತು’ ಅನ್ನುತ್ತಾಳೆ. ಎರಡು ತಿಂಗಳಿನಿಂದ ದಿನಾ ಅದೇ ಒಂದರ ಮೇಲೆ ಕೈ ತಪ್ಪುತ್ತಿದೆ.

ಈಗ ವಿಷಯಕ್ಕೆ ಬರೋಣ. ನನ್ನ ಮಗಳು ಆಶಾರಾಣಿ ಹೋದ ವಾರ ಹಾಸನಕ್ಕೆ ಹೋಗಿ ಸಿಇಟಿ ಬರೆದು ಬಂದಳು. ಇಂಜಿನಿಯರಿಂಗ್ ಸೀಟು ಸಿಗುತ್ತದೋ ಇಲ್ಲವೋ ಈ ಪರೀಕ್ಷೆ ಹೇಳುತ್ತದೆ. ಫಲಿತಾಂಶ ಇನ್ನೂ ಬಂದಿಲ್ಲ, ಆದರೂ ನಮ್ಮ ಮನೆಯಲ್ಲಿ ಪಾಯಸ ಆಗಿಹೋಗಿದೆ. ಕಾರಣ ತಿಳಿಯಬೇಕಾದರೆ ಸಭಿಕರು ಸ್ವಲ್ಪ ಹಿಂದಕ್ಕೆ ಬರಬೇಕು.

ಗಣಿತದಲ್ಲಿ ಎರಡು ಬದಿ ಸಮ ಇದ್ದರೆ ಸಮೀಕರಣ. ಒಂದು ಬದಿ ದೊಡ್ಡದು, ಒಂದು ಬದಿ ಚಿಕ್ಕದು ಆದರೆ ಅಸಮಾನತೆ. ಅದನ್ನು ಬಿಡಿಸಿ, ಎಕ್ಸ್ ಎಂಬ ಗೊತ್ತಿಲ್ಲದ ಸಂಖ್ಯೆ ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಎಂದು ಹೇಳಬೇಕು. ಆಶಾಳ ಪುಸ್ತಕವೆಲ್ಲ ಇಂಗ್ಲಿಷು. ಕನ್ನಡದಲ್ಲಿ ಇದಕ್ಕೆ ಏನಂತಾರೆ ಎಂದು ಕೇಳಿದಾಗ ನಾನೇ ಆ ಪದ ಹೇಳಿಕೊಟ್ಟಿದ್ದೆ. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಅವಳು ಜಗಲಿಯ ಮೇಲೆ ಲೆಕ್ಕ ಮಾಡುತ್ತಿದ್ದಾಗ ನೀನು ಟೀ ಲೋಟ ಹಿಡಿದು ಪಕ್ಕದಲ್ಲಿ ಕೂತು ‘ಏನವ್ವ ಮಾಡ್ತಾ ಇದ್ದೀಯ?’ ಅಂದೆ. ‘ಅಸಮಾನತೆ ಬಿಡಿಸ್ತಾ ಇದ್ದೀನಿ ತಾತ.’ ‘ಎಷ್ಟ್ ಬಿಡಿಸ್ದೆ?’ ‘ಹತ್ತು.’ ನೀನು ಲೋಟ ಕೆಳಗಿಟ್ಟು, ‘ಎಲಾ ಇವ್ಳ! ನಾವು ಹುಟ್ಟಿದಾಗ್ಲಿಂದ ಬಡಿದಾಡ್ತಾ ಇದ್ರೂವೆ ಒಂದು ನೆಟ್ಟಗೆ ಬಿಡಿಸಕ್ಕಾಗ್ಲಿಲ್ಲ, ನೀನು ಟೀ ಆರೋದ್ರೊಳ್ಗೆ ಹತ್ತು ಬಿಡಿಸ್ಬುಟ್ಯಾ?’ ಅಂದೆ. ಅವಳು ನಕ್ಕು ನಕ್ಕು ಪೆನ್ನು ಬೀಳಿಸಿದಳು. ಆಮೇಲೆ ನೀನು ದೊಡ್ಡದು-ಚಿಕ್ಕದು ತೋರಿಸುವ ಆ ಗುರುತನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, ‘ಇದ್ರ ಬಾಯಿ ಯಾವಾಗ್ಲೂ ದೊಡ್ಡೋರ ಕಡೀಕೇ ಬುಟ್ಕಂಡೈತಲ್ಲವ್ವ, ನಮ್ಮೂರ ಪಂಚಾಯ್ತಿ ಇದ್ದಂಗೆ’ ಅಂದೆ. ಅವತ್ತಿನಿಂದ ನಮ್ಮ ಮನೆಯಲ್ಲಿ ಆ ಗುರುತಿಗೆ ಬಾಯಿ ಎಂದೇ ಹೆಸರು.

ಈ ಬಾಯಿಗೆ ಒಂದು ಗುಣವಿದೆ. ಸೊನ್ನೆಗಿಂತ ಕೆಳಗಿನ ಸಂಖ್ಯೆಗೆ ನಾವು ಕನ್ನಡ ಮಾಧ್ಯಮದವರು ಋಣ ಸಂಖ್ಯೆ ಅನ್ನುತ್ತೇವೆ. ಎರಡೂ ಬದಿಯನ್ನು ಋಣ ಸಂಖ್ಯೆಯಿಂದ ಗುಣಿಸಿದರೆ ಅಥವಾ ಭಾಗಿಸಿದರೆ ಬಾಯಿ ಆ ಕಡೆಯಿಂದ ಈ ಕಡೆಗೆ ತಿರುಗಬೇಕು. ಬರೀ ಕೂಡಿಸಿದರೆ, ಕಳೆದರೆ ತಿರುಗಬಾರದು. ಇಷ್ಟೇ ನಿಯಮ. ಆದರೆ ಆಶಾಳ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ, ಕೆಂಪು ಇಂಕಿನಲ್ಲಿ, ಸುತ್ತಲೂ ಚೌಕ ಹಾಕಿ, ಹೀಗೊಂದು ಸಾಲಿತ್ತು:

ಋಣವ ಕೂಡಿಸು, ಋಣದಿ ಗುಣಿಸು,
ಎರಡರಲ್ಲೂ ಬಾಯಿ ತಿರುಗಿಸು.

ಕೇಳಲು ಎಷ್ಟು ಚೆನ್ನಾಗಿದೆ ನೋಡಿ. ಅರ್ಧ ತಪ್ಪು. ‘ಕೂಡಿಸು’ ಎಂಬ ಮಾತಿಗೆ ಅಲ್ಲಿ ಕೆಲಸವೇ ಇಲ್ಲ. ಕಾಲೇಜಿನಲ್ಲಿ ಸರಿಯಾದ್ದನ್ನೇ ಹೇಳಿಕೊಟ್ಟಿದ್ದರು, ಆದರೆ ಕಿವಿಯಲ್ಲಿ ಕೇಳಿದ ಪಾಠಕ್ಕಿಂತ ಬಾಯಲ್ಲಿ ಕೂತ ಪ್ರಾಸ ಗಟ್ಟಿ. ಮಗಳು ಬಾಯಿಯನ್ನು ತಿರುಗಿಸಬಾರದ ಕಡೆಯೆಲ್ಲ ತಿರುಗಿಸಿದಳು. ಟ್ಯೂಷನ್‌ನಲ್ಲಿ ತಿಂಗಳಿಗೆರಡು ಮಾದರಿ ಪರೀಕ್ಷೆ. ನಾಲ್ಕು ಉತ್ತರದಲ್ಲಿ ಒಂದಕ್ಕೆ ಗುರುತು ಹಾಕುವುದಷ್ಟೇ ಆದ್ದರಿಂದ ಎಲ್ಲಿ ತಪ್ಪಿದಳೆಂದು ಯಾರಿಗೂ ಕಾಣಲಿಲ್ಲ, ತಪ್ಪಿದ್ದು ಮಾತ್ರ ಕಂಡಿತು. ಈ ಸಾಲು ನಮ್ಮ ಮನೆಯೊಳಗೆ ಹೇಗೆ ಬಂತು, ಇದರ ಕರ್ತೃ ಯಾರು ಎಂಬ ಬಗ್ಗೆ ಏಕಸದಸ್ಯ ತನಿಖಾ ಸಮಿತಿಯನ್ನು ರಚಿಸಲಾಗಿದೆ. ಸದಸ್ಯ ನಾನೇ. ಸಮಿತಿ ಕಾಲಾವಕಾಶ ಕೇಳಿದೆ.

ಮಾರ್ಚಿನ ಒಂದು ಸಂಜೆ ಟ್ಯೂಷನ್ ಹೇಳುವ ಇಂದುಧರ ಮೇಷ್ಟ್ರು ನನ್ನನ್ನು ಗೇಟಿನ ಹತ್ತಿರ ನಿಲ್ಲಿಸಿಕೊಂಡು, ‘ಏನ್ರೀ ದೇವರಾಜ್, ಹುಡುಗಿ ಬುದ್ಧಿವಂತೆ, ಆದ್ರೆ ಅಸಮಾನತೆ ಬಂದ್ರೆ ಸಾಕು ಎಲ್ಲಾ ತಪ್ಪು. ಮನೇಲಿ ಏನಾದ್ರೂ ತೊಂದ್ರೆನಾ?’ ಅಂತ ಕೇಳಿದರು. ಬೇರೆ ಮಕ್ಕಳ ಅಪ್ಪಂದಿರು ಮೂರು ನಾಲ್ಕು ಜನ ಸ್ಕೂಟರಿನ ಮೇಲೆ ಕೂತು ಕೇಳಿಸಿಕೊಳ್ಳುತ್ತಿದ್ದರು. ನಾನು ಏನೋ ಒಂದು ಸಮಜಾಯಿಷಿ ಕೊಟ್ಟೆ. ಏನು ಕೊಟ್ಟೆನೆಂಬುದು ಇಲ್ಲಿ ಅಪ್ರಸ್ತುತ. ತಿರುಗಿ ನೋಡಿದರೆ ನೀನು ನಾಲ್ಕು ಮಾರು ಹಿಂದೆ, ಮೊಮ್ಮಗಳನ್ನು ಕರೆದೊಯ್ಯಲು ಬಂದವನು, ಕಂಕುಳಲ್ಲಿ ಕೊಡೆ ಇಟ್ಟುಕೊಂಡು ನಿಂತಿದ್ದೆ. ಮಾರನೆಯ ಬೆಳಿಗ್ಗೆ ‘ಬೇಲೂರ್ಗೆ ಹೋಗಿ ಲತನ ಮನೇಲಿದ್ದು ಕಣ್ಣು ತೋರಿಸ್ಕಂಡು ಬತ್ತೀನಿ’ ಅಂತ ಬ್ಯಾಗು ಹಿಡಿದೆ. ಅಲ್ಲಿಯವರೆಗೆ ಆರು ತಿಂಗಳು ನಾವು ಕಾಲಿಗೆ ಬಿದ್ದರೂ ಡಾಕ್ಟರ ಹತ್ತಿರ ಬಾರದವನು.

ಹೊರಡುವಾಗ ಆಶಾ ಜಗಲಿಯ ಮೇಲೆ ಅದೇ ಲೆಕ್ಕದ ಮುಂದೆ ಅಳುಮುಖ ಮಾಡಿಕೊಂಡು ಕೂತಿದ್ದಳು. ನೀನು ಚಪ್ಪಲಿ ಹಾಕಿಕೊಂಡವನು ಮತ್ತೆ ಬಿಟ್ಟು ಅವಳ ಹತ್ತಿರ ಕೂತು ಹೇಳಿದ್ದನ್ನು ನಾನು ಬಾಗಿಲ ಮರೆಯಿಂದ ಕೇಳಿದೆ. ಸಭಿಕರಿಗೆ ಗೊತ್ತಿರಲಿ, ನಮ್ಮಪ್ಪ ಮೂವತ್ತೊಂದು ವರ್ಷ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದವರು. ‘ಎರಡು ಹಳಿ ನಡುವೆ ಇಷ್ಟೇ ಅಗಲ ಅಂತ ಒಂದೇ ಅಳತೆ ಅಲ್ಲ ಕಣವ್ವ. ಇದಕ್ಕಿಂತ ಹೆಚ್ಚಾಗಂಗಿಲ್ಲ, ಇದಕ್ಕಿಂತ ಕಮ್ಮಿಯಾಗಂಗಿಲ್ಲ, ಅದ್ರೊಳಗೆ ಇದ್ರೆ ರೈಲು ಹೋಯ್ತದೆ. ನಿನ್ನ ಅಸಮಾನತೆನೂ ಅಂಗೇ ಕಾಣ್ತದೆ ನಂಗೆ. ನಾವು ಹಳಿ ಕೂರಿಸಿ, ಸರಿಯಾಗೈತೆ ಅಂತ ಕಣ್ಣಂದಾಜಿನ ಮೇಲೆ ನಂಬ್ಕಂಡು ಬಂದೋರಲ್ಲ. ಎಂಥಾ ಮೇಸ್ತ್ರಿ ಕೂರಿಸಿದ್ರೂ ಅಗಲ ಅಳೆಯೋ ಗೇಜು ಮಡಗಿ ನೋಡೇ ಮುಂದಕ್ಕೆ ಹೋಯ್ತಿದ್ದಿದ್ದು. ನೀನೂ ಉತ್ರ ಬಂದ್ಮೇಲೆ ಒಂದು ಸಂಖ್ಯೆ ತಗಂಡು ಅದ್ರೊಳಗೆ ಮಡಗಿ ನೋಡು. ಯಾರು ಹೇಳಿದ್ರು ಅಂತ ನೋಡ್ಬೇಡ.’ ಇಷ್ಟು ಹೇಳಿ ಎದ್ದು ಹೋದೆ.

ಹಾಸನದ ಪರೀಕ್ಷಾ ಹಾಲಿನಲ್ಲಿ ನಡೆದದ್ದನ್ನು ಆಶಾ ಹೇಳಿದ ಹಾಗೆ, ಸಭೆಗಾಗಿ ಲೆಕ್ಕವನ್ನು ಕೊಂಚ ಸುಲಭ ಮಾಡಿ, ಹೇಳುತ್ತೇನೆ. ಮೂರರಲ್ಲಿ ಎರಡು ಎಕ್ಸ್ ಕಳೆದರೆ ಬರುವುದು ಒಂಬತ್ತಕ್ಕಿಂತ ಕಡಿಮೆ. ಹಾಗಾದರೆ ಎಕ್ಸ್ ಎಲ್ಲಿದೆ? ಮಗಳು ಮನಸ್ಸಿನಲ್ಲಿ ಪ್ರಾಸ ಹಾಡಿಕೊಂಡಳು. ಎರಡು ಬದಿಗೂ ಋಣ ಮೂರು ಕೂಡಿಸಿದಳು, ಬಾಯಿ ತಿರುಗಿಸಿದಳು. ಋಣ ಎರಡರಿಂದ ಭಾಗಿಸಿದಳು, ಮತ್ತೆ ತಿರುಗಿಸಿದಳು. ಎರಡು ಸಲ ತಿರುಗಿದ ಬಾಯಿ ಮೊದಲು ನೋಡುತ್ತಿದ್ದ ಕಡೆಗೇ ನೋಡುತ್ತ ನಿಂತಿತು. ಉತ್ತರ: ಎಕ್ಸ್ ಋಣ ಮೂರಕ್ಕಿಂತ ಚಿಕ್ಕದು. ನಾಲ್ಕು ಉತ್ತರಗಳಲ್ಲಿ ಅದೂ ಒಂದು ಇತ್ತು, ಇಂಥವರು ಬರುತ್ತಾರೆಂದೇ ಇಟ್ಟಿದ್ದರು. ಗುರುತು ಹಾಕಲು ಪೆನ್ನು ಊರಿದವಳಿಗೆ ನೀನು ನೆನಪಾದೆಯಂತೆ. ‘ಗೇಜು ಮಡಗಿ ನೋಡು.’ ಎಲ್ಲಕ್ಕಿಂತ ಸುಲಭದ ಗೇಜು ಸೊನ್ನೆ. ಎಕ್ಸ್ ಇದ್ದ ಕಡೆ ಸೊನ್ನೆ ಇಟ್ಟಳು. ಮೂರರಲ್ಲಿ ಏನೂ ಕಳೆಯದಿದ್ದರೆ ಮೂರು. ಮೂರು ಒಂಬತ್ತಕ್ಕಿಂತ ಕಡಿಮೆಯೇ. ಅಂದರೆ ಸೊನ್ನೆ ಉತ್ತರದೊಳಗೆ ಇರಲೇಬೇಕು. ಅವಳ ಉತ್ತರದಲ್ಲೋ ಸೊನ್ನೆ ಹೊರಗೆ ನಿಂತಿತ್ತು. ಹಳಿ ತಪ್ಪಿತ್ತು!

ಎರಡು ವರ್ಷದಿಂದ ಹಾಡಿಕೊಂಡು ಬಂದ ಸಾಲು ಸುಳ್ಳೇ ಎಂದು ಒಂದು ನಿಮಿಷ ನಂಬಲಾಗಲಿಲ್ಲವಂತೆ. ಋಣ ಸಂಖ್ಯೆ ಕೂಡಿಸುವಾಗ ಬಾಯಿ ತಿರುಗಿಸದೆ, ಭಾಗಿಸುವಾಗ ಮಾತ್ರ ತಿರುಗಿಸಿ ನೋಡಿದಳು; ಗೇಜು ಒಪ್ಪಿತು. ಎಕ್ಸ್ ಋಣ ಮೂರಕ್ಕಿಂತ ದೊಡ್ಡದು. ಹಾಗೆ ಇನ್ನೂ ನಾಲ್ಕು ಲೆಕ್ಕವಿತ್ತಂತೆ, ನಾಲ್ಕಕ್ಕೂ ಸೊನ್ನೆಯನ್ನೋ ಒಂದನ್ನೋ ಇಟ್ಟು ನೋಡಿ ಬಿಡಿಸಿದಳು. ಹೊರಗೆ ಮರದ ಕೆಳಗೆ ಮಜ್ಜಿಗೆ ಬಾಟಲಿ ಹಿಡಿದು ನಿಂತಿದ್ದ ನನ್ನ ಹತ್ತಿರ ಓಡಿಬಂದು, ‘ಅಪ್ಪಾ, ಐದಕ್ಕೆ ಐದೂ ಸರಿ! ತಾತನ ಗೇಜು ಕೆಲಸ ಮಾಡ್ತು!’ ಅಂದಳು. ಅಂದವಳು ನನ್ನ ಮುಖ ನೋಡಿ ಇನ್ನೇನನ್ನೋ ಹೇಳಹೊರಟವಳು ಮಜ್ಜಿಗೆ ಬಾಟಲಿ ಎತ್ತಿ ಕುಡಿದಳು. ಬಸ್ಸಿನಲ್ಲಿ ನನ್ನ ಭುಜದ ಮೇಲೆ ಮಲಗಿಯೇ ಬಂದಳು.

ಇದನ್ನು ಕೇಳಿ ಅವ್ವ ಪಾಯಸ ಮಾಡಿದಳು. ಲೋಟ ಐದು ಇಟ್ಟಿದ್ದಳು, ಬೇರೆ ಹೇಳಬೇಕಾಗಿಲ್ಲ. ನೀನು ಅಲ್ಲಿ ಲತಾಳ ಹತ್ತಿರ ‘ನಾನಿದ್ರೆ ಮಗೀನ ಓದು ಕೆಡ್ತದೆ, ಇಲ್ಲೇ ಇರ್ತೀನಿ’ ಅಂದೆಯಂತೆ, ಅವಳು ಫೋನಿನಲ್ಲಿ ಹೇಳಿದಳು. ಅಪ್ಪಾ, ಮಗುವಿನ ಓದು ಉಳಿದದ್ದು ಯಾರಿಂದ ಎಂಬುದನ್ನು ಈಗ ಬೇಲೂರಿನ ಒಂದು ಇಡೀ ಬೀದಿ ಕೇಳಿದೆ. ಚಪ್ಪಾಳೆ ತಟ್ಟುವವರು ತಟ್ಟಬಹುದು. ಬೆಕ್ಕು ಹೆದರದಂತೆ ಮೆಲ್ಲಗೆ.

ಲತಾಳಿಗೂ ಅವಳ ಮಕ್ಕಳಿಗೂ ನನ್ನ ಆಶೀರ್ವಾದ, ಅವಳ ಯಜಮಾನರಿಗೆ ವಂದನೆ, ಹನುಮಮ್ಮನವರಿಗೆ ಇಷ್ಟು ಹೊತ್ತು ಕೂತದ್ದಕ್ಕೆ ವಿಶೇಷ ವಂದನೆ. ನಿನ್ನ ಸೊಸೆ ಕಳಿಸಿದ ಹುರಿಹಿಟ್ಟು ಮುಗ್ಗುವ ಮೊದಲು ತಿನ್ನು. ಕಣ್ಣು ಉಜ್ಜಬೇಡ.

ನಿನ್ನ ಮಗ
ದೇವರಾಜ

ವಿ.ಸೂ.: ಲತಾ, ಕಾಗದ ಮಡಚಬೇಡ, ಇದನ್ನೂ ಗಟ್ಟಿಯಾಗಿಯೇ ಓದು, ಯಾರನ್ನೂ ಏಳಲು ಬಿಡಬೇಡ. ಆಶಾ ಭಾನುವಾರ ಮೊದಲ ಬಸ್ಸಿಗೆ ಜಾವಗಲ್ ಮೇಲೆ ಬರುತ್ತಾಳೆ. ವಾಪಸು ಬರುವಾಗ ಹಳೇಬೀಡಿನಲ್ಲಿ ಇಳಿದು ಕೆರೆ ಏರಿ ಮೇಲೆ ತಾತನ ಜೊತೆ ಕಡಲೆಕಾಯಿ ತಿನ್ನಬೇಕಂತೆ, ತಿನ್ನಲಿ. ತನಿಖೆ ಮುಗಿಯಿತು. ಆ ಸಾಲು ಕಟ್ಟಿದವನು ನಾನು. ‘ಕೂಡಿಸು’ ಎಂಬುದನ್ನು ಪ್ರಾಸ ಕೂರಲಿ ಎಂದು ತುರುಕಿದೆ, ಸರಿಯೋ ತಪ್ಪೋ ನೋಡಲಿಲ್ಲ. ‘ಋಣದಿ ಗುಣಿಸು, ಋಣದಿ ಭಾಗಿಸು’ ಅಂದಿದ್ದರೂ ಪ್ರಾಸ ಅಷ್ಟೇ ಚೆನ್ನಾಗಿ ಕೂರುತ್ತಿತ್ತು. ಇಂದುಧರ ಮೇಷ್ಟ್ರ ಗೇಟಿನ ಮುಂದೆ ನಾನು ಅಂದದ್ದು ಇದು: ‘ನಮ್ಮಪ್ಪ ಪಕ್ಕದಲ್ಲಿ ಕೂತು ಹರಟ್ತಾ ಇರ್ತಾರೆ ಸಾರ್, ಅದಕ್ಕೇ ಅವಳ ತಲೆ ಕೆಡ್ತಾ ಇದೆ.’ ಅಪ್ಪಾ, ನೀನು ಕೇಳಿಸಿಕೊಂಡೆ ಎಂದು ನನಗೆ ಅವತ್ತೇ ಗೊತ್ತಿತ್ತು. ಎರಡು ತಿಂಗಳು ಗೊತ್ತಿಲ್ಲದವನ ಹಾಗೆ ಇದ್ದೆ. ಅಂದದ್ದು ನಾಲ್ಕು ಜನರ ಮುಂದೆ, ಆದ್ದರಿಂದ ಒಪ್ಪಿಕೊಳ್ಳುವುದೂ ನಾಲ್ಕು ಜನರ ಮುಂದೆಯೇ ಆಗಲಿ ಎಂದು ಭಾಷಣ, ಸಭೆ, ಬೆಕ್ಕು ಎಲ್ಲ ಹೂಡಿದೆ. ತಪ್ಪು ನನ್ನದು. ಇದಕ್ಕೆ ಪ್ರಾಸ ಹುಡುಕಲಿಲ್ಲ. ಐದನೇ ಮುದ್ದೆ ದಿನಾ ಆರಿಹೋಗುತ್ತಿದೆ. ಅಪ್ಪಾ, ಮನೆಗೆ ಬಾ.