ಸೂಜಿಯಿಲ್ಲದ ಸ್ಕ್ಯಾನ್

ಹುಮನಾಬಾದ
೧೯ ನವೆಂಬರ್ ೨೦೨೫

ಚಿ. ಸೌ. ಜಯಮಾಲಾಳಿಗೆ ಅಪ್ಪನ ಆಶೀರ್ವಾದಗಳು.

ನೀನು ಮಗಳು ಸ್ನೇಹಲ್‌ಳನ್ನು ಕರೆದುಕೊಂಡು ಹೈದರಾಬಾದಿನ ಆಸ್ಪತ್ರೆಗೆ ಹೋಗಿ ಹನ್ನೆರಡು ದಿನವಾಯಿತು. ಬರೆಯುವುದು ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ನನ್ನ ಬಾಯಿ ಕಟ್ಟುತ್ತದೆ, ಅದಕ್ಕೇ ಈ ಕಾಗದ. ಅಳಿಯಂದಿರು ಬೆಳಿಗ್ಗೆಯೇ ಬಸವಕಲ್ಯಾಣದಿಂದ ಬಂದು ಪಡಸಾಲೆಯಲ್ಲಿ ಕುಳಿತಿದ್ದಾರೆ. ಅವರ ಕೈಯಲ್ಲೇ ಕಳಿಸುತ್ತೇನೆ. ನಿಮ್ಮವ್ವ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿದ್ದಾಳೆ. ಅವಳ ಮೊಣಕಾಲು ನೋವು ಹಾಗೇ ಇದೆ. ಈಗ ಅದನ್ನು ಹೇಳಿಕೊಳ್ಳಲು ಅವಳಿಗೇ ನಾಚಿಕೆ.

ಸೋಮವಾರ ಸ್ನೇಹಲ್‌ಳ ಕಾಲು ತೆಗೆಯುತ್ತಾರೆ. ಬರೆದುಬಿಟ್ಟೆ. ಇಷ್ಟು ದಿನ ಈ ಮಾತನ್ನು ಬಾಯಲ್ಲಿ ಆಡಿರಲಿಲ್ಲ. ಒಂಬತ್ತು ವರ್ಷದ ಹುಡುಗಿಯ ತೊಡೆಯ ಮೂಳೆಯನ್ನೇ ಹುಡುಕಿಕೊಂಡು ಬಂದ ಈ ಕ್ಯಾನ್ಸರಿನ ಮೇಲೆ ನನಗೆ ಸಿಟ್ಟು ಬರುತ್ತದೆ. ಆಮೇಲೆ ಆ ಸಿಟ್ಟು ತಿರುಗಿ ನನ್ನ ಮೇಲೇ ಬರುತ್ತದೆ.

ನಲವತ್ತು ವರ್ಷ ಇಲ್ಲಿಯ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದವನು ನಾನು. ನಿರ್ಣಾ, ಮಂಠಾಳದಂಥ ಹಳ್ಳಿಗಳಿಂದ ಬಂದವರು ಬರೀ ಗುಳಿಗೆ ಕೊಟ್ಟರೆ ಬೆಂಚು ಬಿಟ್ಟು ಏಳುತ್ತಿರಲಿಲ್ಲ. "ಬಕ್ಕಪ್ಪಣ್ಣಾ, ಒಂದು ಸೂಜಿ ಹಾಕ್ರಿ. ಹಂಗ ಹ್ಯಾಂಗ ಹೋಗೂದು?" ಎನ್ನುತ್ತಿದ್ದರು. ಬಿ-ಕಾಂಪ್ಲೆಕ್ಸ್ ಚುಚ್ಚಿ ಕಳಿಸುತ್ತಿದ್ದೆ. ಅರ್ಧ ಗುಣವಾದವರ ಹಾಗೆ ಎದೆಯೆತ್ತಿ ನಡೆಯುತ್ತಿದ್ದರು, ನಾನು ಹಿಂದಿನಿಂದ ನಗುತ್ತಿದ್ದೆ. ನಗುತ್ತ ನಗುತ್ತ, ಸೂಜಿ ಚುಚ್ಚಿದರೇ ಗುಣ ಎಂಬುದನ್ನು ನಾನೂ ನಂಬಿಬಿಟ್ಟಿದ್ದೆ.

ಸೆಪ್ಟೆಂಬರಿನಲ್ಲಿ ಕಲಬುರಗಿಯ ಡಾಕ್ಟರಮ್ಮ ನಮ್ಮನ್ನೆಲ್ಲ ಕೂರಿಸಿ ಹೇಳಿದ್ದು ನೆನಪಿದೆಯಲ್ಲ? ಎಂಆರ್‌ಐಗೆ ಬಣ್ಣದ ಔಷಧ ಚುಚ್ಚುವುದು ಬೇಡ, ಗಡ್ಡೆಯಲ್ಲಿ ಎಷ್ಟು ಜೀವವಿದೆ, ಎಷ್ಟು ಸತ್ತಿದೆ ಎಂಬುದು ಅದಿಲ್ಲದೆಯೂ ಕಾಣುತ್ತದೆ, ಮಗುವಿಗೆ ಇನ್ನೊಂದು ಸೂಜಿ ಯಾಕೆ ಎಂದರು. ದಿನ ನಿಗದಿಯಾದರೆ ಫೋನ್ ಮಾಡುತ್ತೇವೆ ಎಂದಾಗ ಅಳಿಯಂದಿರು "ಮಾವಾರಿಗೆ ದವಾಖಾನಿ ಮಾತು ತಿಳೀತದ" ಎಂದು ನನ್ನ ನಂಬರು ಬರೆಸಿದರು.

ಸ್ಕ್ಯಾನ್ ಆದದ್ದು ದೀಪಾವಳಿ ಕಳೆದ ಮೇಲೆ. ಒಳಗೆ ಲೋಹ ಕೂಡದೆಂದು ಅವಳ ಕೊರಳಿನ ಇಷ್ಟಲಿಂಗದ ಬೆಳ್ಳಿ ಕರಡಿಗೆ ತೆಗೆಸಿದರು. ದೀಕ್ಷೆಯಾದಾಗಿನಿಂದ ಲಿಂಗ ಬಿಟ್ಟು ಇದ್ದವಳಲ್ಲ. ಮುಕ್ಕಾಲು ಗಂಟೆ ನಾನು ಅದನ್ನು ಮುಷ್ಟಿಯಲ್ಲಿ ಹಿಡಿದು ಕುಳಿತೆ. ಹೊರಗೆ ಬಂದವಳು, "ಅಜ್ಜಾ, ಸೂಜಿ ಹಾಕ್ಲೇ ಇಲ್ಲ ನೋಡು. ಬರೇ ಟಕ್ ಟಕ್ ಅಂತದ. ಇದಕ್ಕ ಇಷ್ಟು ದಿನ ಯಾಕ ಕಾಯ್ದೇವಿ?" ಎಂದಳು.

ಆರು ವಾರ ಮೊದಲು ನೋಡಿದ್ದರೆ ಮೂಳೆಯಷ್ಟೇ ತೆಗೆದು ಕಾಲು ಉಳಿಸಬಹುದಿತ್ತು, ಈಗ ಗಡ್ಡೆ ರಕ್ತನಾಳವನ್ನು ಸುತ್ತಿಕೊಂಡಿದೆ ಎಂದರು ಡಾಕ್ಟರಮ್ಮ. ನೀನು ಗಂಡನ ಕಡೆ ತಿರುಗಿ, "ಅಂಗಡಿ ಬಿಟ್ಟು ಮೊದಲೇ ಒಂದು ದಿನ ಬಂದು ಕೇಳಾಕ ಆಗ್ಲಿಲ್ಲೇನ್ರಿ?" ಎಂದೆ. ಅವರು ತಲೆ ಬಗ್ಗಿಸಿದರು. ಅಂದಿನಿಂದ ನೀನು ಅವರೊಡನೆ ಮಾತು ಬಿಟ್ಟಿದ್ದೀ.

ಸ್ನೇಹಲ್ ಬದುಕಲಿ, ನೂರು ವರ್ಷ ಬದುಕಲಿ. ನಿನಗೆ ಬಸವಣ್ಣ ಗಟ್ಟಿ ಎದೆ ಕೊಡಲಿ.

ಇಂತಿ ನಿನ್ನ ಅಪ್ಪ,
ಬಕ್ಕಪ್ಪ

ತಾ.ಕ.: ಜಯಾ, ದಸರೆಗೆ ಮೊದಲೇ ಕಲಬುರಗಿ ಆಸ್ಪತ್ರೆಯಿಂದ ನನಗೆ ಫೋನ್ ಬಂದಿತ್ತು. ಮಂಗಳವಾರ ಸ್ಕ್ಯಾನ್‌ಗೆ ಕರೆತನ್ನಿ ಎಂದರು. ಹಳ್ಳಿಯವರೆಂದು ಅರೆಬರೆ ಪರೀಕ್ಷೆ ಮಾಡಿ ಸಾಗಹಾಕುತ್ತಾರೆ ಎಂದುಕೊಂಡೆ. "ಔಷಧ ಚುಚ್ಚಿ ಮಾಡೂದಿದ್ರ ಬರ್ತೇವ್ರಿ, ಇಲ್ಲಂದ್ರ ಬ್ಯಾಡ" ಎಂದು ಫೋನ್ ಇಟ್ಟೆ. ಇನ್ನೂ ದಿನ ಕೊಟ್ಟಿಲ್ಲ ಎಂದು ನಿಮಗೆ ಸುಳ್ಳು ಹೇಳಿದೆ. ಚುಚ್ಚಿ ಮಾಡುವವರನ್ನು ಬೇರೆ ಕಡೆ ಹುಡುಕುತ್ತ ಆರು ವಾರ ಕಳೆದೆ.

ದೀಪಾವಳಿಯ ಮೇಲೆ ಅಳಿಯಂದಿರು ತಾವೇ ಹೋಗಿ ಕೇಳಿದಾಗ ಅವರಿಗೆ ಎಲ್ಲವೂ ತಿಳಿಯಿತು. ನಿನ್ನೆದುರು ನನ್ನ ಹೆಸರು ಎತ್ತಲಿಲ್ಲ. ಇಂದು ಬೆಳಿಗ್ಗೆ, ಜಯಾಗೆ ನಾನೇ ಹೇಳುತ್ತೇನೆ ಎಂದೆ. "ಬಿಡ್ರಿ ಮಾವಾರ. ಆಕಿಗೆ ಈಗ ಅಪ್ಪ ಬೇಕ್ರಿ" ಎಂದರು.

ಈ ಕಾಗದದಲ್ಲಿ ಏನಿದೆ ಎಂದು ಅವರಿಗೆ ಗೊತ್ತಿಲ್ಲ. ಸೋಮವಾರ ಮತ್ತೆ ಕರಡಿಗೆ ತೆಗೆಸುತ್ತಾರೆ. ಅದನ್ನು ಹಿಡಿಯಲು ನನ್ನನ್ನು ಕರೆಯಬೇಡ, ನಿನ್ನ ಗಂಡನ ಕೈಯಲ್ಲಿ ಕೊಡು.