ನಲವತ್ತು ಈಡಿಗೆ ಕೇಪು ಎಲ್ಲಿಂದ ತರೋಣ?

ಬೇಟೆ ಮತ್ತು ವನ್ಯಜೀವಿ ಇಲಾಖೆಯ ಮಾನ್ಯ ನಿರ್ದೇಶಕರೇ,

ಹಂಗಾಮು ಶುರುವಾಗುವ ಮುಂಚೆ ಪ್ರತಿಯೊಬ್ಬರೂ ನಲವತ್ತು ಈಡು ಹೊಡೆದು ಗುರಿ ಹದ ಮಾಡಿಕೊಳ್ಳಬೇಕೆಂಬ ತಮ್ಮ ಸಲಹೆ ತಲುಪಿತು. ಗಾಯಗೊಂಡ ಮೃಗ ಕಾಡಿನಲ್ಲಿ ನರಳಬಾರದೆಂಬ ಕಾಳಜಿಗೆ ನನ್ನ ಪೂರ್ಣ ಸಮ್ಮತಿಯಿದೆ. ಆದರೆ ಯಾವುದರಿಂದ ಹೊಡೆಯಬೇಕೆಂಬುದನ್ನು ತಾವು ತಿಳಿಸಿಲ್ಲ. ಮೊಂಟಾನಾದ ನಮ್ಮ ಕಣಿವೆಯಲ್ಲಿ ಎರಡು ವರ್ಷದಿಂದ ತೋಟಾಕ್ಕೆ ಕಿಡಿ ಹೊತ್ತಿಸುವ ಕೇಪಿಗೆ ಬರ. ಕೋವಿಮದ್ದು ಕಣ್ಣಿಗೆ ಬಿದ್ದರೆ ಬೆಲೆ ಕೇಳುತ್ತೇವೆ, ಆಮೇಲೆ ಮಲಗಿದ ಮಗುವನ್ನು ತೊಟ್ಟಿಲಿಗೆ ಇಳಿಸುವ ಹಾಗೆ ಡಬ್ಬಿಯನ್ನು ಮೆಲ್ಲಗೆ ಅಂಗಡಿಯ ಕಪಾಟಿನಲ್ಲೇ ವಾಪಸಿಟ್ಟು ಬರುತ್ತೇವೆ.

ಅಂಗಡಿಯಲ್ಲಿ ಸಿದ್ಧ ತೋಟಾ ಕೊಳ್ಳಬಾರದೇ ಎನ್ನುವಿರಾ? ನನ್ನ ಕೋವಿ ನನ್ನ ತಾಯಿಯದು. ಅದರ ಅಳತೆಯ ತೋಟಾ ಮಾಡುವುದನ್ನು ಕಾರ್ಖಾನೆಯವರು ಯಾವಾಗಲೋ ಬಿಟ್ಟರು. ಹಾಗಾಗಿ ಖಾಲಿ ಹಿತ್ತಾಳೆ ಚಿಪ್ಪು ಆರಿಸಿ ತಂದು, ಬುಡಕ್ಕೆ ಹೊಸ ಕೇಪು ಕೂರಿಸಿ, ಮದ್ದು ತುಂಬಿ, ಮೇಲೆ ಗುಂಡು ಒತ್ತಿ ಮನೆಯಲ್ಲೇ ತೋಟಾ ಕಟ್ಟುತ್ತೇವೆ. ಚಳಿಗಾಲ ಪೂರ್ತಿ ನಾವು ಉಣ್ಣುವುದು ಒಂದು ಎಲ್ಕ್ ಜಿಂಕೆಯ ಮಾಂಸ. ಬೇಳೆಕಾಳಿನಷ್ಟಿರುವ ಆ ಕೇಪಿಲ್ಲದಿದ್ದರೆ ಫ್ರೀಜರಿನಲ್ಲಿ ಉಳಿಯುವುದು ಬರೀ ಮಂಜುಗಡ್ಡೆ.

ಕಳೆದ ಆಗಸ್ಟಿನಲ್ಲಿ ಪಕ್ಕದ ಊರಿನ ಹಾರ್ಡ್‌ವೇರ್ ಅಂಗಡಿಗೆ ಕೇಪು ಬಂದಿದೆಯೆಂಬ ಸುದ್ದಿ ಚರ್ಚಿನಲ್ಲಿ ಪ್ರಾರ್ಥನೆಯ ನಡುವೆಯೇ ಬೆಂಚಿನಿಂದ ಬೆಂಚಿಗೆ ದಾಟಿತು. ಮನೆಗೊಂದೇ ಪೆಟ್ಟಿಗೆಯಂತೆ. ನನ್ನ ಗಂಡ ಆರ್ವಿಡನಿಗೆ, "ಗುರುತೇ ಇಲ್ಲದವರ ಥರ ದೂರ ದೂರ ನಿಲ್ಲೋಣ, ಎರಡು ಸಿಗುತ್ತೆ" ಎಂದೆ.

"ಮದುವೆಯಾಗಿ ಮೂವತ್ತು ವರ್ಷ ಆಯ್ತಲ್ಲ. ಅದೇನು ಕಷ್ಟ ಆಗಲ್ಲ ಬಿಡು" ಎಂದ.

ಸೋಮವಾರ ಬೆಳಿಗ್ಗೆ ಸಾಲಿನಲ್ಲಿ ಅವನು ಮುಂದೆ, ನಾನು ಹಿಂದೆ. ನಡುವೆ ದನ ಸಾಕುವ ಲೈಲ್ ಪ್ರೂಯೆಟ್ ಎಂಬಾತ. ಆಗಿನ್ನೂ ನಮಗೆ ಅಪರಿಚಿತ.

"ಒಬ್ರೇ ಬಂದ್ರಾ ಮೇಡಂ? ಯಜಮಾನ್ರು ಬರ್ಲಿಲ್ವಾ?" ಎಂದು ಆತ ಹಿಂದೆ ತಿರುಗಿ ಕೇಳಿದ.

"ಇದ್ದಾರೆ ಅನ್ಬೇಕು ಅಷ್ಟೆ. ಇಂಥ ಕೆಲ್ಸಕ್ಕೆಲ್ಲ ಅವ್ರು ಆಗಿಬರಲ್ಲ" ಎಂದುಬಿಟ್ಟೆ. ಮುಂದೆ ನಿಂತಿದ್ದ ಆರ್ವಿಡನ ಕಿವಿ ಕೆಂಪಗಾಯಿತು.

ಅವನಿಗೊಂದು ಪೆಟ್ಟಿಗೆ ಸಿಕ್ಕಿತು. ಕೊನೆಯದು ಪ್ರೂಯೆಟ್ ಪಾಲಾಯಿತು. ನನ್ನ ಸರದಿ ಬರುವಷ್ಟರಲ್ಲಿ ಅಂಗಡಿಯವನು ಮುಗಿಯಿತೆಂದು ಕೈಯಲ್ಲಾಡಿಸಿಬಿಟ್ಟ. ಪ್ರೂಯೆಟ್ ನನ್ನ ಮುಖ ನೋಡಿ ತನ್ನ ಪೆಟ್ಟಿಗೆ ಬಿಚ್ಚಿ ಅರ್ಧ ಮುಂದೆ ಚಾಚಿದ. "ಇಷ್ಟು ದೂರ ಒಬ್ರೇ ಬಂದು ಬರಿಗೈಲಿ ಹೋಗೋದಾ? ತಗೊಳ್ಳಿ. ಕಾಸೇನೂ ಬೇಡ."

ನನ್ನ ಕೈ ಮೇಲೇಳಲಿಲ್ಲ. ಅಷ್ಟರಲ್ಲಿ ಮೊಳೆಗಳ ಕಪಾಟಿನ ಮರೆಯಿಂದ ದನಿ ಬಂತು. "ಕೊಡ್ಬೇಡಿ ಸಾರ್. ಅವಳು ನನ್ನ ಹೆಂಡ್ತಿ. ಪೆಟ್ಟಿಗೆ ನನ್ನ ಹತ್ರ ಇದೆ."

ಪ್ರೂಯೆಟ್ ಅವನನ್ನು ಬೂಟಿನಿಂದ ಟೋಪಿಯವರೆಗೆ ನೋಡಿದ. "ಇಂಥ ಕೆಲ್ಸಕ್ಕೆ ಆಗಿಬರದೇ ಇರೋರು ನೀವೇನಾ?"

ಅಂಗಡಿಗೆ ಅಂಗಡಿಯೇ ನಕ್ಕಿತು. ನನಗೆ ಪೇಂಟ್ ಡಬ್ಬಿಯೊಳಗೆ ಇಳಿದು ಮುಚ್ಚಳ ಹಾಕಿಕೊಳ್ಳುವಂತಾಯಿತು. ಮಾನ ಉಳಿಸಿಕೊಳ್ಳಲು ಬೇರೆ ದಾರಿ ತೋಚದೆ ಪ್ರೂಯೆಟ್‌ನನ್ನು ಶನಿವಾರದ ಊಟಕ್ಕೆ ಕರೆದೆ.

ಬಂದ. ನನ್ನ ತೋಟಾಕ್ಕೆ ಒಪ್ಪುವ ಮದ್ದಿನ ಡಬ್ಬಿಯನ್ನೂ ಕಂಕುಳಲ್ಲಿ ತಂದಿದ್ದ. ನಮ್ಮ ಬಳಿ ಆತನ ಕೋವಿಗೆ ಹೊಂದುವ ಗುಂಡುಗಳಿದ್ದವು. ಮೂವರೂ ತೋಟಾ ಕಟ್ಟುತ್ತ ಕುಳಿತೆವು. ಹೊರಡುವಾಗ ಆತ ಟೋಪಿ ಕೈಯಲ್ಲಿ ಹಿಡಿದು, "ನನ್ನಾಕೆ ಹೋದ್ಮೇಲೆ ಊಟ ಆದಮೇಲೂ ಎದ್ದು ಹೋಗ್ಬೇಕು ಅನ್ನಿಸದೇ ಇದ್ದಿದ್ದು ಇವತ್ತೇ" ಎಂದ. ಅಲ್ಲಿಂದಾಚೆ ಪ್ರತಿ ಶನಿವಾರ ಬರುತ್ತಾನೆ.

ತಾವು ನಲವತ್ತು ಎನ್ನುತ್ತೀರಿ; ಮುಂದಿನ ಪೆಟ್ಟಿಗೆ ಯಾವಾಗಲೋ ಎಂದು ಕೇಪು ಉಳಿಸಿಕೊಂಡು ಕಳೆದ ಹಂಗಾಮಿನಲ್ಲಿ ನಾನು ಅಭ್ಯಾಸಕ್ಕೆ ಹೊಡೆದದ್ದು ಮೂರೇ ಈಡು. ನವೆಂಬರಿನಲ್ಲಿ ಒಳ್ಳೆಯ ಗಂಡು ಎಲ್ಕ್ ಎದುರಿಗೇ ಬಂದು ನಿಂತಿತು. ಕೈ ಗಟ್ಟಿಯಿಲ್ಲವೆನಿಸಿ ಬಿಟ್ಟುಬಿಟ್ಟೆ. ಮರುದಿನ ಇಳಿಜಾರಿನಲ್ಲಿ ಇನ್ನೊಂದು ಕಂಡಿತು. ಹಿಮದಲ್ಲಿ ಹೊಟ್ಟೆಯ ಮೇಲೆ ತೆವಳಿ, ಮೇಯುತ್ತ ಅದೇ ಹತ್ತಿರ ಬರುವವರೆಗೆ ಕಾದು, ಗುರಿ ಹಿಡಿದು ಕೋವಿಯ ಕುದುರೆ ಎಳೆದೆ. ನಿಂತಲ್ಲೇ ಕುಸಿಯಿತು. ಮಾಂಸದಲ್ಲಿ ಪ್ರೂಯೆಟ್‌ಗೂ ಪಾಲು ಹೋಯಿತು.

ಮೂರೇ ಈಡು ಸಾಕಾಯಿತಲ್ಲ ಎಂದು ದಯವಿಟ್ಟು ಬೀಗಬೇಡಿ. ಎಲ್ಲರೂ ಮೊದಲನೆಯದನ್ನು ಬಿಟ್ಟುಕೊಟ್ಟು ಮನೆಗೆ ಹೋಗುತ್ತಾರೆಯೇ? ಮಕ್ಕಳು ಉಣ್ಣಬೇಕಾದ ಮನೆಯವರು ಹೋಗುತ್ತಾರೆಯೇ? ತಾವು ಹೆದರುವ ಆ ಗಾಯಗೊಂಡ ಮೃಗ ಇದೇ ಕೊರತೆಯಿಂದ ಹುಟ್ಟುವಂಥದ್ದು. ವ್ಯಾಪಾರ ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂಬ ಉತ್ತರ ತಮ್ಮ ಮೇಜಿನಲ್ಲಿ ಸಿದ್ಧವಿರಬಹುದು; ಅಲ್ಲೇ ಇರಲಿ. ಸಿಬ್ಬಂದಿಯ ಅಭ್ಯಾಸಕ್ಕೆ ಕೇಪು, ಮದ್ದು ಸಗಟಾಗಿ ತರಿಸುವ ಇಲಾಖೆ ಊರೂರಿನ ಬೇಟೆ ಸಂಘಗಳ ಪರವಾಗಿಯೂ ತರಿಸಲಿ, ಕೊಂಡ ಬೆಲೆಗೇ ಹಂಚಲಿ. ಅದಾಗದಿದ್ದರೆ ಆ ಸಲಹೆಯನ್ನು ವಾಪಸು ಪಡೆಯಿರಿ.

ಇನ್ನೊಂದು ವಿನಂತಿ ನನ್ನ ಗಂಡನದು. ಕೇಪು ಧಾರಾಳವಾಗಿ ಸಿಗತೊಡಗಿದರೆ ಪ್ರೂಯೆಟ್ ನಮ್ಮ ಮನೆಗೆ ಬರುವುದನ್ನು ಬಿಟ್ಟಾನೆಂದು ಅವನಿಗೆ ಒಳಗೊಳಗೇ ಚಿಂತೆ. ಆದ್ದರಿಂದ ಸರಕು ಕಳಿಸುವಾಗ ದಯಮಾಡಿ ಆತನ ಊರಿಗೆ ಎಲ್ಲರಿಗಿಂತ ಕೊನೆಯಲ್ಲಿ ಕಳಿಸಿ.

ಇಂತಿ,
ಈ ವರ್ಷವೂ ಬರೀ ಕೋವಿ ಒರೆಸುತ್ತ ಕುಳಿತಿರುವ,
ಥೋರಾ ಹ್ಯಾಲ್ವರ್ಸನ್