ಎರಡು ವೈರ್‌ಲೆಸ್‌ಗಳ ನಡುವೆ

ಬ್ರಷ್ ಫೋರ್ಕ್, ಕೆಂಟಕಿ
ನವೆಂಬರ್ 9, ಗುರುವಾರ

ಪ್ರೀತಿಯ ತಮ್ಮ ಡೆಲ್ಬರ್ಟ್,

ಬೆನ್ನುನೋವು ಹೇಗಿದೆ? ಒಹಾಯೋದ ಆ ಗೋದಾಮಿನಲ್ಲಿ ಈಗಲೂ ಭಾರ ಎತ್ತಿಸುತ್ತಾರಾ? ಡಬ್ಬಿ ಸೂಪಿನಲ್ಲೇ ದಿನ ದೂಡಬೇಡ, ಒಂದು ಹೊತ್ತಾದರೂ ಬಿಸಿಯಾಗಿ ಏನಾದರೂ ಮಾಡಿಕೊಂಡು ತಿನ್ನು. ಫೋನಂತೂ ನೀನು ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ನಾನು ಚೆನ್ನಾಗಿದ್ದೇನೆ ಅಂದರೆ ನಂಬುವವನಲ್ಲ ನೀನು. ದಣಿದಿದ್ದೇನೆ ಕಣೋ. ಇಪ್ಪತ್ತಾರು ವರ್ಷ ಹೆಡ್‌ಫೋನು ಹೊತ್ತ ಕಿವಿ ಮನೆಯಲ್ಲಿ ಸುಮ್ಮನೆ ಕೂತರೂ ಗುಂಯ್ ಅನ್ನುತ್ತದೆ.

ಸುದ್ದಿ ಏನೆಂದರೆ, ಹೊಸ ವೈರ್‌ಲೆಸ್‌ಗಳಿಗೆ ಸರ್ಕಾರದ ಅನುದಾನ ಕೊನೆಗೂ ಬಂತು. ಶೆರಿಫ್ ಕಡೆಯ ಪೊಲೀಸರ ವೈರ್‌ಲೆಸ್ ಅಗ್ನಿಶಾಮಕದವರಿಗೆ ಕೇಳದೆ, ಅವರದು ಇವರಿಗೆ ಕೇಳದೆ, ತುರ್ತು ಕರೆಯ ಕೋಣೆಯಲ್ಲಿ ಕೂತು ನಾನು ಅತ್ತಿಂದಿತ್ತ ಮಾತು ದಾಟಿಸುತ್ತಿದ್ದೆನಲ್ಲ, ಅದು ಮುಗಿಯಿತು. ಈಗ ಎಲ್ಲರೂ ಒಬ್ಬರ ಜೊತೆ ಒಬ್ಬರು ನೇರ ಮಾತಾಡಬಹುದು. ಮೂರು ಸಲ ಅರ್ಜಿ ತಿರಸ್ಕಾರವಾಗಿತ್ತು. ಎಲ್ಲಾ ಇಲಾಖೆಗಳೂ ಒಟ್ಟಾಗಿ ಸಹಿ ಹಾಕಲೇಬೇಕು ಅಂತ ನಿಯಮ. ನಮ್ಮ ಶೆರಿಫ್ ಕ್ಲೀಟಸ್, ಅಗ್ನಿಶಾಮಕದ ಮುಖ್ಯಸ್ಥ ಬರ್ಲ್, ಇವರಿಬ್ಬರೂ ಮಾತು ಬಿಟ್ಟು ಎಷ್ಟು ವರ್ಷವಾಯಿತು ಅಂತ ನಿನಗೇ ಗೊತ್ತು. "ಆ ಪುಣ್ಯಾತ್ಮನ ಹೆಸರಿನ ಕೆಳಗೆ ನನ್ನ ಸಹೀನಾ? ಬೇರೆ ಹಾಳೆ ತಗೊಂಡು ಬಾರಮ್ಮಾ" ಅಂದ ಕ್ಲೀಟಸ್. "ಬೇರೆ ಹಾಳೆ ಇಲ್ಲ. ಇನ್ನೊಬ್ಬರ ಹೆಣ ಬೀಳೋವರೆಗೂ ಕಾಯ್ತೀಯಾ?" ಅಂದೆ. ಅವನು ಪೆನ್ನು ತೆಗೆದ.

ಆ ಮಾತು ಎತ್ತಬಾರದು ಅಂದುಕೊಂಡಿದ್ದೆ. ಆದರೆ ಇದು ಯಾಕೆ ಬೇಕು ಎಂಬ ಕಾರಣ ಬರೆಯಲು ಅರ್ಜಿಯಲ್ಲಿ ಒಂದು ಇಡೀ ಪುಟ ಬಿಟ್ಟಿದ್ದರು. ಎರಡು ವರ್ಷದ ಹಿಂದಿನ ಜುಲೈ ಪ್ರವಾಹವನ್ನೇ ಬರೆದೆ. ಸೇತುವೆ ಕೊಚ್ಚಿಹೋದದ್ದನ್ನು ಕಂಡ ಪೊಲೀಸಿನವನು ತನ್ನ ವೈರ್‌ಲೆಸ್ಸಿನಲ್ಲಿ ಕೂಗಿದ್ದು, ಅದು ಅಗ್ನಿಶಾಮಕ ಲಾರಿಗೆ ಕೇಳಿಸದೇ ಹೋದದ್ದು. ಲಾರಿ ಓಡಿಸುತ್ತಿದ್ದವನು ನೀನು, ಪಕ್ಕದಲ್ಲಿ ಹೋಬರ್ಟ್. ನೀನು ಈಜಿ ದಡ ಸೇರಿದೆ, ಹೋಬರ್ಟ್ ಸೇರಲಿಲ್ಲ. "ವರ್ಲೀನ್ ಹೇಳಿಯೇ ಇರ್ತಾಳೆ, ಅವನೇ ಕಿವಿಗೆ ಹಾಕ್ಕೊಳ್ಳಲಿಲ್ಲ" ಅಂತ ನನ್ನ ಹೆಸರು ಹಿಡಿದು ಊರೆಲ್ಲ ಆಡಿತು. ನೀನೂ ಅದನ್ನೇ ನಂಬಿ ಊರು ಬಿಟ್ಟೆ.

ನಿನ್ನೆ ಹೊಸ ಸೆಟ್ಟುಗಳ ಪರೀಕ್ಷೆ. ಗುಡ್ಡದ ಮೇಲಿಂದ ಪೊಲೀಸಿನವನು "ಸೇತುವೆ ರಸ್ತೆ ಬಂದ್" ಅಂದ. ನಾನು ಬಾಯಿ ತೆರೆಯುವ ಮೊದಲೇ ಲಾರಿಯಿಂದ "ಕೇಳಿಸ್ತು, ತಿರುಗಿಸ್ತಾ ಇದೀನಿ" ಅಂತ ಉತ್ತರ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ. ಹೋಬರ್ಟನ ಹೆಂಡತಿ ಮಾವಿಸ್ ಎಲ್ಲರಿಗೂ ಅಂತ ಕಾಳಿನ ಸಾರು, ಜೋಳದ ರೊಟ್ಟಿ ತಂದಿದ್ದಳು. ಅವಳೇ ಹುಡುಕಿಕೊಂಡು ಬಂದು ನನ್ನ ಬೆನ್ನ ಮೇಲೆ ಕೈಯಿಟ್ಟಳು. ಅವಳ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ಚಳಿ ಹತ್ತಿರ ಬಂತು, ಕಾಲುಚೀಲ ಕಳಿಸಿದ್ದೇನೆ, ಹಾಕಿಕೋ. ನಿನ್ನನ್ನು ದೇವರು ಕೈಬಿಡದಿರಲಿ.

ನಿನ್ನ ಅಕ್ಕ,
ವರ್ಲೀನ್

ಮತ್ತೆ ಬರೆದದ್ದು: ಟಪಾಲಿನವನ ಗಾಡಿ ಹೊರಗೆ ನಿಂತಿದೆ, ಬೇಗ ಬರೆಯುತ್ತೇನೆ. ಅರ್ಜಿಗಾಗಿ ಆ ದಿನದ ಕರೆಗಳ ಟೇಪು ಕೇಳಬೇಕಾಯಿತು. ಪೊಲೀಸಿನವನು ನನಗೆ ಹೇಳಿದ್ದು ಮೂರು ನಲವತ್ತೊಂದಕ್ಕೆ. ನಾನು ಲಾರಿಗೆ ಹೇಳಿದ್ದು ಮೂರು ನಲವತ್ನಾಲ್ಕಕ್ಕೆ. ನಡುವೆ ಫೋನಿನಲ್ಲಿ ಒಬ್ಬ ತಾಯಿ, ಸೊಂಟದ ತನಕ ನೀರು, ಕಂಕುಳಲ್ಲಿ ಕೂಸು. ಅವಳನ್ನು ಬಿಡಲಾಗಲಿಲ್ಲ ನನಗೆ. ಲಾರಿ ನೀರಿಗೆ ಬಿದ್ದದ್ದು ಮೂರು ನಲವತ್ಮೂರಕ್ಕೆ. ತಡವಾಯಿತೆಂದು ನನಗೆ ಅವತ್ತೇ ಗೊತ್ತಿತ್ತು. ಹೆದರಿ ಬಾಯಿ ಮುಚ್ಚಿಕೊಂಡೆ, ನೀನು ಹೊರಟಾಗಲೂ. ಸರ್ಕಾರದ ಗುಮಾಸ್ತನಿಗೆ ಬರೆದುಕೊಟ್ಟೆ, ನಿನಗೆ ಹೇಳಲಿಲ್ಲ. ನಿನ್ನೆ ಆ ಬಚ್ಚಲಲ್ಲೇ, ಮುಖ ನೋಡದೆ, ಮಾವಿಸ್‌ಗೆ ಹೇಳಿದೆ. ನಲ್ಲಿ ನಿಲ್ಲಿಸಿ, "ಮೊದಲು ಅವನಿಗೆ ಬರಿ" ಅಂದಳು. ಡೆಲ್ಬರ್ಟ್, ಅವತ್ತು ನಿನ್ನ ಕಿವಿಗೆ ಬೀಳುವುದಕ್ಕೆ ಮಾತೇ ಇರಲಿಲ್ಲ ಕಣೋ.